ಕೊನೆಗಾಲದ ಅನ್ನ, ನೀರು ಮತ್ತು ಶುಶ್ರೂಷಕಿ



ಇಂದಿನ ವಿಷಯವನ್ನು ನರ್ಸಿಂಗ್ ಮಾಡುತ್ತಿರುವ, ಓದುತ್ತಿರುವ ನೀವೆಲ್ಲ ವಾರ್ಡಿನಲ್ಲಿ ಪ್ರಶ್ನೆಯಾಗಿ ಕೇಳಿಯೇ ಇರುತ್ತೀರಿ. ರೌಂಡ್ಸ್ ಮುಗಿದು ಡಾಕ್ಟರು ಮುಂದಿನ ಹಾಸಿಗೆಗೆ ಹೋದ ಮೇಲೆ ಮನೆಯವರಲ್ಲಿ ಒಬ್ಬರು ನಿಮ್ಮ ಹಿಂದೆಯೇ ಬರುತ್ತಾರೆ. ತಗ್ಗಿದ ದನಿಯಲ್ಲಿ ಕೇಳುತ್ತಾರೆ: "ಸಿಸ್ಟರ್, ಊಟ ಪೂರ್ತಿ ಬಿಟ್ಟುಬಿಟ್ಟಿದ್ದಾರೆ. ಗ್ಲೂಕೋಸ್ ಆದರೂ ಹಾಕಬಾರದಾ?" ಡಾಕ್ಟರ ಹತ್ತಿರ ಅವರು ಸ್ಕ್ಯಾನಿನ ಮಾತಾಡುತ್ತಾರೆ, ರಿಪೋರ್ಟಿನ ಮಾತಾಡುತ್ತಾರೆ, ಖರ್ಚಿನ ಮಾತಾಡುತ್ತಾರೆ. ಅನ್ನ ನೀರಿನ ಮಾತು ಬಂದಾಗ ಮಾತ್ರ ನಮ್ಮ ಹತ್ತಿರ ಬರುತ್ತಾರೆ. ಗಂಜಿ ಕುಡಿಸಿದವರು ನಾವು, ಬಾಯಿ ಒರೆಸಿದವರು ನಾವು, ಅರ್ಧ ಲೋಟ ಹೋಯಿತೋ ಕಾಲು ಲೋಟ ಹೋಯಿತೋ ಬರೆದಿಟ್ಟವರು ನಾವು. ಇದು ಅವರಿಗೆ ಗೊತ್ತಿದೆ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಸಾವಿನ ಹೊಸ್ತಿಲಲ್ಲಿರುವ ಮನುಷ್ಯನಿಗೆ ಮೂಗಿನ ನಳಿಕೆಯಿಂದ ಆಹಾರ, ರಕ್ತನಾಳದಿಂದ ನೀರು ಕೊಡಬೇಕೇ, ಕೊಡುತ್ತಿದ್ದರೆ ಮುಂದುವರಿಸಬೇಕೇ ಎಂದು ತೀರ್ಮಾನಿಸುವಾಗ ಶುಶ್ರೂಷಕಿ ಆ ಕೋಣೆಯಲ್ಲಿ ಕುಳಿತಿರಬೇಕು. ಬಾಗಿಲ ಹೊರಗೆ ನಿಂತು ಆಜ್ಞೆಗೆ ಕಾಯಬಾರದು. ತೀರ್ಮಾನಕ್ಕೆ ಬೇಕಾದ ಸಾಕ್ಷ್ಯದ ಮುಕ್ಕಾಲು ಪಾಲು ಅವಳ ಬಳಿ ಇದೆ. ತೀರ್ಮಾನವಾದ ಮೇಲೆ ಉಳಿಯುವ ಕೆಲಸವೆಲ್ಲ ಅವಳದೇ.

ನಮ್ಮ ದೇಶದಲ್ಲಿ ಈ ಚರ್ಚೆಯನ್ನು ಅರುಣಾ ಶಾನಭಾಗರನ್ನು ಬಿಟ್ಟು ಆರಂಭಿಸಲಾಗದು. ಅವರು ನಮ್ಮ ಉತ್ತರ ಕನ್ನಡದ ಹಳದೀಪುರದವರು. ಮುಂಬೈಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯೊಳಗೆ ಅಲ್ಲಿನ ಸ್ವಚ್ಛತಾ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ಪ್ರಾಣವಾಯು ಹೋಗದೆ ಅವರು ಮತ್ತೆ ಎಚ್ಚರದ ಬದುಕಿಗೆ ಮರಳಲೇ ಇಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ ಆ ಆಸ್ಪತ್ರೆಯೇ ಅವರ ಮನೆ. ಅಲ್ಲಿನ ದಾದಿಯರೇ ಅವರ ಒಡಹುಟ್ಟಿದವರು. 1973ರಲ್ಲಿ ಅವರ ಜೊತೆ ಪಾಳಿ ಮಾಡಿದವರು ನಿವೃತ್ತರಾದರು. ಆಗ ಹುಟ್ಟಿಯೇ ಇರದಿದ್ದವರು ಬಂದು ಅದೇ ಹಾಸಿಗೆಯ ಪಕ್ಕ ಕುಳಿತು ತುತ್ತು ತಿನ್ನಿಸಿದರು.

ಪತ್ರಕರ್ತೆ ಪಿಂಕಿ ವಿರಾನಿ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಕೇಳಿದ್ದು ವೆಂಟಿಲೇಟರ್ ತೆಗೆಯಿರಿ ಎಂದಲ್ಲ. ಅರುಣಾಗೆ ವೆಂಟಿಲೇಟರ್ ಇರಲೇ ಇಲ್ಲ. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಲು ಹೇಳಿ ಎಂಬುದು ಅರ್ಜಿಯ ಬೇಡಿಕೆ. ಅಂದರೆ ನಿಲ್ಲಿಸಬೇಕಾಗಿದ್ದದ್ದು ಯಂತ್ರವಲ್ಲ, ದಾದಿಯೊಬ್ಬಳ ಕೈ. ನ್ಯಾಯಾಲಯ ಕಳುಹಿಸಿದ ಮೂವರು ವೈದ್ಯರು ಪರೀಕ್ಷೆ ಮಾಡಿ ವರದಿ ಕೊಟ್ಟರು. ಆಸ್ಪತ್ರೆಯೂ ತನ್ನ ವಿವರ ಸಲ್ಲಿಸಿತು. ಆ ಕಾಗದಪತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕಾನೂನಿನ ಚರ್ಚೆಗಿಂತ ಸಣ್ಣ ಸಂಗತಿಗಳು. ಅವರಿಗೆ ಮೀನು, ಕೋಳಿ ಸೂಪು ಇಷ್ಟ, ಕೊಟ್ಟಾಗ ಮುಖ ಅರಳುತ್ತದೆ. ಬೇಡವಾದದ್ದನ್ನು ಬೇಡವೆಂದು ತೋರಿಸುತ್ತಾರೆ. 2010ರ ಸೆಪ್ಟೆಂಬರ್‌ವರೆಗೆ ನುಣ್ಣಗೆ ಮಾಡಿದ ಊಟವನ್ನು ಬಾಯಿಂದಲೇ ತಿನ್ನಿಸಲಾಗಿದೆ. ಆಮೇಲೆ ಜ್ವರ ಬಂದು, ಮಲೇರಿಯಾ ಎಂಬ ಅನುಮಾನದಲ್ಲಿ ಚಿಕಿತ್ಸೆಯಾಗಿ, ಊಟ ಕಡಿಮೆಯಾದ ಮೇಲೆ ಮೂಗಿಗೆ ರೈಲ್ಸ್ ಟ್ಯೂಬ್ ಬಂದಿದೆ. ಇಷ್ಟು ವರ್ಷ ಮಲಗಿದ್ದರೂ ಮೈಮೇಲೆ ಒಂದು ಹಾಸಿಗೆ ಹುಣ್ಣಿಲ್ಲ. ನರ್ಸಿಂಗ್ ಗೊತ್ತಿದ್ದವರಿಗೆ ಈ ಕೊನೆಯ ವಾಕ್ಯದ ಹಿಂದೆ ಎಷ್ಟು ರಾತ್ರಿಪಾಳಿ ಇದೆ ಎಂಬುದು ಅರ್ಥವಾಗುತ್ತದೆ.

2011ರ ಮಾರ್ಚ್ 7ರಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ನ್ಯಾಯಮೂರ್ತಿ ಜ್ಞಾನಸುಧಾ ಮಿಶ್ರಾ ಅವರ ಪೀಠ ಅರ್ಜಿಯನ್ನು ತಿರಸ್ಕರಿಸಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಇಷ್ಟು ಕಾಲ ನೋಡಿಕೊಂಡ ಕೆ.ಇ.ಎಂ. ಸಿಬ್ಬಂದಿಗೆ ಸೇರಿದ್ದು ಎಂದಿತು. ಅದೇ ತೀರ್ಪು, ಹೈಕೋರ್ಟಿನ ಒಪ್ಪಿಗೆ ಪಡೆದು ಜೀವರಕ್ಷಕ ಚಿಕಿತ್ಸೆ ಹಿಂದೆಗೆಯುವ ದಾರಿಯನ್ನೂ ಈ ದೇಶದಲ್ಲಿ ಮೊದಲ ಬಾರಿಗೆ ತೆರೆಯಿತು. ಒಂದೇ ತೀರ್ಪಿನಲ್ಲಿ ಎರಡೂ ಇವೆ.

ಕೆ.ಇ.ಎಂ.ನ ದಾದಿಯರು ಸರಿಯಾಗಿ ನಡೆದುಕೊಂಡರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರ ಉದಾಹರಣೆಯನ್ನು ಎತ್ತಿಕೊಂಡು ಬಂದು, ನೋಡಿ, ಆಹಾರ ಎಂದಿಗೂ ನಿಲ್ಲಿಸಬಾರದು ಎಂದು ವಾದಿಸುವವರ ಜೊತೆ ನನ್ನ ತಕರಾರಿದೆ. ಅರ್ಜಿ ಬಂದಾಗ ಅರುಣಾ ಸಾಯುತ್ತಿರಲಿಲ್ಲ. ನುಂಗುತ್ತಿದ್ದರು, ಅರಗಿಸಿಕೊಳ್ಳುತ್ತಿದ್ದರು. ತಿಂದದ್ದು ಮೈಗೆ ಹತ್ತುತ್ತಿತ್ತು. ಕೈತುತ್ತು ಚಿಕಿತ್ಸೆಯಲ್ಲ, ಅದು ಆರೈಕೆ. ಅದನ್ನು ನಿಲ್ಲಿಸಲು ಯಾವ ದಾದಿಯೂ ಒಪ್ಪಬೇಕಿಲ್ಲ. ಯಕೃತ್ತೆಲ್ಲ ಕ್ಯಾನ್ಸರ್ ಆವರಿಸಿ, ಮೂತ್ರ ನಿಲ್ಲುತ್ತಾ ಬಂದು, ಇನ್ನು ಕೆಲವೇ ದಿನ ಎಂದು ಗೊತ್ತಾಗಿರುವ ಮನುಷ್ಯನ ಸ್ಥಿತಿ ಬೇರೆ. ಅವನು ಊಟ ಬಿಟ್ಟದ್ದರಿಂದ ಸಾಯುತ್ತಿಲ್ಲ, ಸಾಯುತ್ತಿರುವುದರಿಂದ ಊಟ ಬಿಟ್ಟಿದ್ದಾನೆ. ಇದಿಷ್ಟು ಮನೆಯವರ ಮನಸ್ಸಿಗೆ ಇಳಿಯುವಂತೆ ಹೇಳುವುದಕ್ಕೆ ಅರ್ಧ ಗಂಟೆ ಬೇಕು. ರೌಂಡ್ಸಿನಲ್ಲಿ ಆ ಅರ್ಧ ಗಂಟೆ ಯಾರಿಗೂ ಇರುವುದಿಲ್ಲ.

ನಾವು ನೇತುಹಾಕುವ ಬಾಟಲಿಯ ಚರಿತ್ರೆ ತಿಳಿದಿದ್ದರೆ ಈ ಮಾತು ಹೇಳುವುದು ಸುಲಭ. 1832ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಾಲರಾ ಹಬ್ಬಿದ್ದಾಗ ಥಾಮಸ್ ಲಟ್ಟಾ ಎಂಬ ವೈದ್ಯರು ಉಪ್ಪುನೀರನ್ನು ನೇರವಾಗಿ ರಕ್ತನಾಳಕ್ಕೆ ಹರಿಸಿ, ಸತ್ತೇಹೋದರು ಅಂದುಕೊಂಡವರನ್ನು ಎಬ್ಬಿಸಿ ಕೂರಿಸಿದರು. ಇಂಗ್ಲೆಂಡಿನ ಜಾನ್ ರೈಲ್ 1921ರ ಸುಮಾರಿಗೆ ಬಳಕೆಗೆ ತಂದ ತೆಳು ನಳಿಕೆ ಇವತ್ತಿಗೂ ನಮ್ಮ ವಾರ್ಡುಗಳಲ್ಲಿ ಅವರ ಹೆಸರಿನಲ್ಲೇ ಓಡಾಡುತ್ತಿದೆ. ಹೊಟ್ಟೆಯ ಗೋಡೆಯ ಮೂಲಕ ಹಾಕುವ ಪೆಗ್ ನಳಿಕೆಯನ್ನು ಗೌಡರರ್ ಮತ್ತು ಪೊನ್ಸ್‌ಕಿ 1980ರಲ್ಲಿ ಅಮೆರಿಕದಿಂದ ವರದಿ ಮಾಡಿದರು. ಅದು ಮುಖ್ಯವಾಗಿ ನುಂಗಲಾರದ ಮಕ್ಕಳಿಗೆಂದು ರೂಪುಗೊಂಡದ್ದು. ಕಾಲರಾ ರೋಗಿಗಾಗಲಿ, ನುಂಗಲಾರದ ಮಗುವಿಗಾಗಲಿ ಕೊಟ್ಟ ನೀರು, ಆಹಾರವನ್ನು ಬಳಸಿಕೊಳ್ಳುವ ದೇಹ ಇತ್ತು. ಸಾಯುತ್ತಿರುವ ದೇಹಕ್ಕೆ ಅವನ್ನು ತಂದು ಅಂಟಿಸಿದ್ದು ಆಮೇಲೆ, ಅದೂ ಹೆಚ್ಚು ವಿಚಾರ ಮಾಡದೆ.

ಐದು ಪರ್ಸೆಂಟ್ ಡೆಕ್ಸ್‌ಟ್ರೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಹೆಚ್ಚೆಂದರೆ ನೂರು ಕ್ಯಾಲೊರಿ. ಮನೆಯವರು ಅದನ್ನು ಊಟವೆಂದೇ ನಂಬಿರುತ್ತಾರೆ. ಹನಿ ಬೀಳುವುದನ್ನು ನೋಡುತ್ತಾ ಕೂತರೆ ಅವರ ಎದೆಗೆ ಸಮಾಧಾನ. ಆದರೆ ಕೊನೆಯ ದಿನಗಳಲ್ಲಿ ರಕ್ತದಲ್ಲಿ ಆಲ್ಬುಮಿನ್ ಕಡಿಮೆಯಾಗಿರುತ್ತದೆ, ಮೂತ್ರಪಿಂಡ ನಿಧಾನವಾಗಿರುತ್ತದೆ. ಹಾಕಿದ ನೀರು ರಕ್ತನಾಳದೊಳಗೆ ನಿಲ್ಲದೆ ಕಾಲಿಗಿಳಿಯುತ್ತದೆ, ಹೊಟ್ಟೆಯಲ್ಲಿ ತುಂಬುತ್ತದೆ, ಶ್ವಾಸಕೋಶಕ್ಕೆ ಹೋಗುತ್ತದೆ. ಗಂಟಲಿನ ಗೊರಗೊರ ಹೆಚ್ಚುತ್ತದೆ. ಆಮೇಲೆ ಆ ಕಫ ತೆಗೆಯಲು ಸಕ್ಷನ್ ನಳಿಕೆ ತುರುಕಬೇಕು. ಒಂದು ನಳಿಕೆಯಿಂದ ಹಾಕಿ ಇನ್ನೊಂದು ನಳಿಕೆಯಿಂದ ತೆಗೆಯುವ ಈ ಹಿಂಸೆಯನ್ನು ರಾತ್ರಿ ಎರಡು ಗಂಟೆಗೆ ಮಾಡುವವಳು ಯಾರು ಎಂದು ನಿಮಗೆ ಹೇಳಬೇಕಾಗಿಲ್ಲ.

ಹಸಿವೆಯ ಮಾತೇನು? ಬಾಯಾರಿಕೆಯ ಮಾತೇನು? 1994ರಲ್ಲಿ ಅಮೆರಿಕದ ಒಂದು ಆರೈಕೆ ಘಟಕದಲ್ಲಿ ಮೆಕ್‌ಕ್ಯಾನ್ ಮತ್ತು ಅವರ ಸಂಗಡಿಗರು ಕೊನೆಗಾಲದ, ಆದರೆ ಪ್ರಜ್ಞೆಯಿದ್ದ 32 ರೋಗಿಗಳನ್ನು ಅವರು ತೀರಿಕೊಳ್ಳುವವರೆಗೂ ಗಮನಿಸಿದರು. 20 ಮಂದಿಗೆ ಹಸಿವೆಯೇ ಆಗಲಿಲ್ಲ. 11 ಮಂದಿಗೆ ಆರಂಭದಲ್ಲಿ ಮಾತ್ರ ಆಯಿತು. ಬಾಯಾರಿಕೆ, ಬಾಯೊಣಗುವುದು ಕಾಡಿದಾಗ ಒಂದೆರಡು ತುತ್ತು, ಒಂದೆರಡು ಗುಟುಕು, ಮಂಜುಗಡ್ಡೆಯ ಚೂರು, ತುಟಿಗೆ ಹಚ್ಚುವ ಜಿಡ್ಡು ಸಾಕಾಯಿತು. 2013ರಲ್ಲಿ ಎಡ್ವಾರ್ಡೊ ಬ್ರುವೇರಾ ಅವರ ತಂಡ ಇನ್ನೂ ಬಿಗಿಯಾದ ಪರೀಕ್ಷೆ ಮಾಡಿತು. ಮುಂದುವರಿದ ಕ್ಯಾನ್ಸರಿನ 129 ಮಂದಿಯಲ್ಲಿ ಕೆಲವರಿಗೆ ದಿನಕ್ಕೆ ಒಂದು ಲೀಟರ್ ಸಲೈನ್, ಉಳಿದವರಿಗೆ ಕೇವಲ ನೂರು ಮಿಲಿಲೀಟರ್. ಯಾರಿಗೆ ಎಷ್ಟು ಎಂಬುದು ರೋಗಿಗೂ ನೋಡುವವರಿಗೂ ಗೊತ್ತಿರಲಿಲ್ಲ. ಬಳಲಿಕೆ, ಗೊಂದಲ, ಬದುಕಿದ ದಿನಗಳು ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮರೆವಿನ ರೋಗದ ಕೊನೆಯ ಹಂತದಲ್ಲಿ ನಳಿಕೆ ಬೇಡ, ಕೈಯಿಂದಲೇ ತಾಳ್ಮೆಯಿಂದ ತಿನ್ನಿಸಿ ಎಂದು ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘವೇ ಹೇಳಿದೆ.

ಪಾಠದ ಮಾತು ಸಾಕು. ಮಂಡ್ಯ ಕಡೆಯ ಒಂದು ಹಳ್ಳಿಯ ಮನೆಗೆ ಬನ್ನಿ. ಮನೆಗೇ ಹೋಗಿ ನೋಡುವ ಪ್ಯಾಲಿಯೇಟಿವ್ ತಂಡದ ಜೊತೆ ನಾನು ಹೋಗಿದ್ದೆ. ಹಜಾರದಲ್ಲಿ ಚಾಪೆಯ ಮೇಲೆ ಅಜ್ಜಿ. ಸೊಸೆ ನಮ್ಮ ಚೀಲವನ್ನೇ ನೋಡುತ್ತಿದ್ದಳು. "ಸಿಸ್ಟ್ರೇ, ಅತ್ತೆ ಮೂರ್ ದಿನದಿಂದ ಏನೂ ತಗಂಡಿಲ್ಲ. ಒಂದ್ ಬಾಟ್ಲಾದ್ರೂ ಹಾಕ್ಬುಡಿ. ನಾಳೆ ಊರೋರು, ಸೊಸೆ ಉಪಾಸ ಕೆಡ್ವಿ ಸಾಯಿಸ್ಬುಟ್ಳು ಅಂತ ಆಡ್ಕತಾರೆ." ಅವಳ ಭಯ ಅಜ್ಜಿಯ ಸಾವಿನದಲ್ಲ, ಊರಿನ ಬಾಯಿಯದು. ಆ ಭಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮಲ್ಲಿ ಸೊಸೆಯಂದಿರು ಅಂಥ ಮಾತಿನ ಕೆಳಗೆ ಬದುಕೆಲ್ಲ ನವೆದಿರುವುದು ನಿಮಗೂ ಗೊತ್ತು.

ನಮ್ಮ ತಂಡದ ಸಿಸ್ಟರ್ ಬಾಟಲಿಯ ಮಾತು ಎತ್ತಲೇ ಇಲ್ಲ. ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಅಜ್ಜಿಯ ಕಾಲಿನ ಮೇಲೆ ಅವಳ ಹೆಬ್ಬೆರಳನ್ನೇ ಒತ್ತಿಸಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. "ನೋಡವ್ವ, ನೀರು ಇಲ್ಲೈತೆ. ಮೈಯಲ್ಲಿ ನೀರಿಲ್ಲ ಅಂತಲ್ಲ, ಇರೋ ನೀರ್ನ ಅತ್ತೆ ಮೈ ಬಳಸ್ಕತಾ ಇಲ್ಲ. ಮೇಲಿಂದ ಬಾಟ್ಲು ಹಾಕಿದ್ರೆ ಎದೆಗೆ ಬಂದು ಉಸ್ರು ಕಟ್ಕತದೆ." ಆಮೇಲೆ ಟಾರ್ಚ್ ಹಾಕಿ ಬಾಯಿ ತೋರಿಸಿದರು. ನಾಲಿಗೆ ಮರದ ತೊಗಟೆಯಾಗಿತ್ತು. ಕೆನ್ನೆಯ ಒಳಗೆ ಬಿಳಿ ಬೂಷ್ಟು. ಯಾವಾಗಿನದೋ ಎಲೆಅಡಿಕೆಯ ಚೂರು ವಸಡಿನಲ್ಲಿ ಕೂತಿತ್ತು. ಅಜ್ಜಿಗೆ ಬಾಧೆ ಕೊಡುತ್ತಿದ್ದದ್ದು ಅದು. ಅರ್ಧ ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಗಾಜ್ ಬಟ್ಟೆಯನ್ನು ಬೆರಳಿಗೆ ಸುತ್ತಿ, ಹಿಂಡಿ, ಮೆಲ್ಲಗೆ ಒಂದೊಂದೇ ಮೂಲೆ ಒರೆಸಿದರು. ಬೂಷ್ಟಿಗೆ ಔಷಧದ ಹನಿ ಹಾಕಿದರು. ತಲೆ, ಬೆನ್ನಿಗೆ ದಿಂಬು ಕೊಟ್ಟು ಅರೆ ಕೂರಿಸಿ, ಎಳನೀರನ್ನು ಸೊಸೆಯ ಕೈಗೇ ಕೊಟ್ಟು ಚಮಚದ ತುದಿಯಲ್ಲಿ ತುಟಿ ತೋಯಿಸಲು ಹೇಳಿದರು. ಅಜ್ಜಿಯ ನಾಲಿಗೆ ಹೊರಬಂದು ತುಟಿ ಸವರಿಕೊಂಡಿತು. ಇನ್ನೊಂದು ಹನಿ. ಗಂಟಲು ಆಡಿತು. ಮೂರನೆಯದಕ್ಕೆ ಮುಖ ತಿರುಗಿತು. "ಸಾಕು ಅಂತೌರೆ, ಬಲವಂತ ಮಾಡ್ಬ್ಯಾಡ. ಗಂಟೆಗೊಂದ್ಸಲ ಹಿಂಗೇ ಮಾಡು. ಊರೋರು ಬಂದ್ರೆ ಅವ್ರ ಕೈಲೂ ಒಂದ್ ಹನಿ ಹಾಕ್ಸು." ಈ ಕೊನೆಯ ಮಾತು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಊರಿನ ಬಾಯಿಯನ್ನು ಆರೈಕೆಯೊಳಕ್ಕೇ ಕರೆದುಕೊಂಡುಬಿಟ್ಟ ಜಾಣತನ ಅದು. ನಾನು ಎಷ್ಟೋ ಜನ ತಜ್ಞರ ಜೊತೆ ಕೆಲಸ ಮಾಡಿದ್ದೇನೆ. ಈ ವಿಷಯದಲ್ಲಿ ನನಗೆ ಅದಕ್ಕಿಂತ ದೊಡ್ಡ ಪಾಠ ಸಿಕ್ಕಿಲ್ಲ.

ಗಮನಿಸಿ, ಅಲ್ಲಿ ಯಾರೂ "ಆಹಾರ ನಿಲ್ಲಿಸಿದ್ದೇವೆ" ಎನ್ನಲಿಲ್ಲ. ನಿಲ್ಲಿಸಿಯೂ ಇರಲಿಲ್ಲ. ಬಾಟಲಿ ಹಾಕಲಿಲ್ಲ, ಅಷ್ಟೆ. ಬಾಟಲಿ ಹಾಕಿದ್ದರೆ ಸಿಸ್ಟರಿಗೆ ಐದು ನಿಮಿಷದ ಕೆಲಸ. ಹಾಕದೆ ಇದ್ದುದಕ್ಕೆ ಹತ್ತಿರಹತ್ತಿರ ಒಂದು ಗಂಟೆ ಹಿಡಿಯಿತು. ನಳಿಕೆ ಬೇಡವೆಂದರೆ ಖರ್ಚು ಉಳಿಯುತ್ತದೆ, ಕೆಲಸ ಉಳಿಯುತ್ತದೆ ಎಂದು ಲೆಕ್ಕ ಹಾಕುವ ಆಡಳಿತದವರಿಗೆ ನಾನು ಹೇಳುವುದು ಇದನ್ನೇ: ಸಿಸ್ಟರುಗಳ ಸಂಖ್ಯೆ ಹೆಚ್ಚಿಸದೆ ಬಾಟಲಿ ಮಾತ್ರ ಇಳಿಸಿದರೆ ಅದು ನಿರ್ಲಕ್ಷ್ಯ.

ಇದು ಬರಿಯ ಊಹೆಯಲ್ಲ. ಉಪಶಮನ ಆರೈಕೆಯ ತವರಾದ ಇಂಗ್ಲೆಂಡಿನಲ್ಲೇ ಹೀಗಾಗಿದೆ. ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿ, ಆಮೇಲೆ ಸಮಾಜಕಾರ್ಯ ಮಾಡಿ, ಕೊನೆಗೆ ವೈದ್ಯೆಯಾಗಿ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಹಾಸ್ಪಿಸಿನ ಒಳ್ಳೆಯ ಸಾವನ್ನು ಸಾಮಾನ್ಯ ಆಸ್ಪತ್ರೆಗೂ ತರೋಣವೆಂದು ಮುಂದೆ ಬೇರೆಯವರು ಲಿವರ್‌ಪೂಲ್ ಕೇರ್ ಪಾಥ್‌ವೇ ಎಂಬ ಕ್ರಮ ರೂಪಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಕೈ ಸಾಲದ ವಾರ್ಡುಗಳಲ್ಲಿ ಅದು ಗುರುತು ಹಾಕುವ ಪಟ್ಟಿಯಾಯಿತು. ನೀರು ಕೇಳಿದರೂ ಕೊಡಲಿಲ್ಲ, ನಾವು ಕೊಡಲು ಹೋದರೆ ದಾದಿಯರು ಬೇಡವೆಂದರು ಎಂದು ಬಂಧುಗಳು ದೂರಿದರು. ಬ್ಯಾರನೆಸ್ ಜೂಲಿಯಾ ನ್ಯೂಬರ್ಗರ್ ಅವರ ಸಮಿತಿ 2013ರ ಜುಲೈಯಲ್ಲಿ ವರದಿ ಕೊಟ್ಟು ಆ ಕ್ರಮವನ್ನೇ ಹಂತಹಂತವಾಗಿ ಕೈಬಿಡಬೇಕೆಂದಿತು. ರೋಗಿ ಕುಡಿಯಬಲ್ಲವನಾಗಿ, ಕುಡಿಯಲು ಬಯಸುತ್ತಿರುವಾಗ ನೆರವಾಗದಿರುವುದನ್ನು ವೃತ್ತಿಯ ದುರ್ನಡತೆ ಎಂದೇ ಎಣಿಸಬೇಕು ಎಂದಿತು. ಆ ಮಾತನ್ನು ನಮ್ಮ ಪ್ರತಿ ವಾರ್ಡಿನ ಡ್ಯೂಟಿ ಕೋಣೆಯಲ್ಲಿ ಬರೆದು ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ಊಟಕ್ಕೆ ಎರಡು ಅಧ್ಯಾಯ ಮೀಸಲಿಟ್ಟಿದ್ದರು. ಒಂದು ಏನನ್ನು ತಿನ್ನಿಸಬೇಕು ಎಂಬುದಕ್ಕೆ, ಇನ್ನೊಂದು ಹೇಗೆ ತಿನ್ನಿಸಬೇಕು ಎಂಬುದಕ್ಕೆ. ಸಮೃದ್ಧಿಯ ನಡುವೆಯೇ ರೋಗಿಗಳು ಹಸಿದು ಸೊರಗುವುದು ಅವರ ಕಣ್ಣಿಗೆ ಬಿದ್ದಿತ್ತು.

ನಳಿಕೆಯ ಮೇಲೆ ನನಗೆ ದ್ವೇಷವಿಲ್ಲ. ನಮ್ಮ ರಾಜ್ಯದಲ್ಲಿ ತಂಬಾಕು, ಗುಟ್ಕಾ ಜಗಿದು ಬಾಯಿಯ ಕ್ಯಾನ್ಸರ್ ಆದವರು ಕಿದ್ವಾಯಿಯಂಥ ಆಸ್ಪತ್ರೆಗಳ ಹೊರಗೆ ಮೂಗಿನಲ್ಲಿ ರೈಲ್ಸ್ ಟ್ಯೂಬ್ ಅಂಟಿಸಿಕೊಂಡು ಬಸ್ಸಿಗೆ ಕಾಯುತ್ತಿರುವುದನ್ನು ನೀವು ನೋಡಿದ್ದೀರಿ. ಅವರಿಗೆ ಹಸಿವೆ ಇದೆ, ದಾರಿ ಮುಚ್ಚಿದೆ. ರಾಗಿ ಗಂಜಿ, ಬೇಳೆಕಟ್ಟು, ಹಾಲನ್ನು ಸೋಸಿ ಆ ನಳಿಕೆಯಲ್ಲಿ ಬಿಡುವುದು ಅವರ ಬದುಕು. ಅನ್ನನಾಳ ಕಟ್ಟಿಕೊಂಡವರಿಗೆ, ಸ್ನಾಯುಗಳು ಸೋತು ನುಂಗಲಾರದೆ ಹಸಿವೆ ಮಾತ್ರ ಉಳಿದವರಿಗೆ ಹೀಗೆಯೇ. ವಾಂತಿ ಭೇದಿಯಿಂದಲೋ ಔಷಧದಿಂದಲೋ ಮಂಕು ಕವಿದವರಿಗೆ ಎರಡು ದಿನದ ಸಲೈನ್ ಮಾತು ಮರಳಿಸಬಹುದು. ಅದನ್ನು ರಕ್ತನಾಳಕ್ಕೇ ಹಾಕಬೇಕಿಲ್ಲ. ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ ಸಣ್ಣ ಸೂಜಿಯಿಟ್ಟು ಮನೆಯಲ್ಲೇ ನಿಧಾನವಾಗಿ ಕೊಡಬಹುದು. ಪ್ರಯೋಗವಾಗಿ ಕೊಟ್ಟು ನೋಡೋಣ, ಉಪಯೋಗವಾಗದಿದ್ದರೆ ನಿಲ್ಲಿಸೋಣ ಎಂದು ಮೊದಲೇ ದಿನ ಗೊತ್ತುಮಾಡಿಕೊಂಡರೆ ಮುಂದಿನ ಜಗಳ ಅರ್ಧ ತಪ್ಪುತ್ತದೆ.

ನನ್ನ ಸಿಟ್ಟಿರುವುದು ಬೇರೆ ಕಡೆ. ಕೊನೆಯ ವಾರದಲ್ಲಿರುವ ಮುದುಕರೊಬ್ಬರು ಮೂಗಿನ ನಳಿಕೆಯನ್ನು ಮತ್ತೆ ಮತ್ತೆ ಕಿತ್ತು ಹಾಕುತ್ತಾರೆ. ನಾವು ಮತ್ತೆ ತುರುಕುತ್ತೇವೆ. ಮೂಗಿನಲ್ಲಿ ರಕ್ತ ಬರುತ್ತದೆ. ಕಡೆಗೆ ಗಾಜ್ ಬಟ್ಟೆಯಿಂದ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟುತ್ತೇವೆ. ಕೇಸ್ ಶೀಟಿನಲ್ಲಿ "ರೋಗಿ ಸಹಕರಿಸುತ್ತಿಲ್ಲ" ಎಂದು ಬರೆಯುತ್ತೇವೆ. ಮಾತು ನಿಂತುಹೋದ ಮನುಷ್ಯ ಕೈಯಿಂದ ಹೇಳುತ್ತಿರುವುದನ್ನು ಕೇಳಿಸಿಕೊಳ್ಳದೆ ಆ ಕೈಯನ್ನೇ ಕಟ್ಟುವುದು ಶುಶ್ರೂಷೆಯಲ್ಲ. ಹೀಗೆ ಕಟ್ಟಿ ಬಂದ ದಿನ ಮನೆಗೆ ಹೋಗಿ ಊಟಕ್ಕೆ ಕೂರಲಾರದ ಹುಡುಗಿಯರನ್ನು ನಾನು ಕಂಡಿದ್ದೇನೆ. ಅವರ ಮನಸ್ಸಿನ ಆ ಕಸಿವಿಸಿಯೂ ಒಂದು ಸಾಕ್ಷ್ಯ. ಅದನ್ನು ರೌಂಡ್ಸಿನಲ್ಲಿ ಆಡುವ ಜಾಗ ಅವರಿಗೆ ಸಿಗಬೇಕು. ನಳಿಕೆಯನ್ನು ತೆಗೆಯಲು ಮನಸ್ಸು ಒಪ್ಪದ ಸಿಸ್ಟರ್ ಇದ್ದರೆ ಆಕೆಗೂ ಅಷ್ಟೇ ಗೌರವ ಸಿಗಬೇಕು. ಆ ಕೆಲಸವನ್ನು ಬೇರೊಬ್ಬರಿಗೆ ವಹಿಸಬೇಕು. ರೋಗಿಯ ಆರೈಕೆ ಮಾತ್ರ ನಿಲ್ಲಬಾರದು.

ಕನ್ನಡ ನಾಡಿಗೆ ಈ ವಿಷಯ ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ಅನ್ನ ನೀರು ಬಿಡುವ ಜೈನರ ಸಲ್ಲೇಖನದಿಂದ ದೇಹ ಬಿಟ್ಟವರ ಶಾಸನಗಳು ಬಂಡೆಯ ತುಂಬ ಇವೆ. ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯೂ ಹಾಗೆಯೇ ಹೋದವರು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮ ಎಂದಾಗ, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಸಲ್ಲೇಖನ ವ್ರತ. ಆಸ್ಪತ್ರೆಯ ಕೊನೆಗಾಲ ವ್ರತವಲ್ಲ. ಒಂದರ ನ್ಯಾಯವನ್ನು ಇನ್ನೊಂದಕ್ಕೆ ಹಚ್ಚಲು ನಾನು ಹೋಗುವುದಿಲ್ಲ. ಆದರೆ ಅಲ್ಲಿ ನನ್ನ ಕಣ್ಣು ಹೋಗುವುದು ವ್ರತಿಯ ಕಡೆಗಲ್ಲ, ಪಕ್ಕದಲ್ಲಿ ಕುಳಿತವರ ಕಡೆಗೆ. ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಮೂಲವಾದ ಪ್ರಾಕೃತದ ಭಗವತೀ ಆರಾಧನೆ, ಹಾಗೆ ಮಲಗಿದವರ ಸೇವೆಗೆ 48 ಮಂದಿ ನಿರ್ಯಾಪಕರನ್ನು ಹೇಳುತ್ತದೆ. ಮೈ ಹೊರಳಿಸಲು, ಎಬ್ಬಿಸಿ ಕೂರಿಸಲು ಕೆಲವರು. ಆಹಾರ, ಪಾನೀಯ ನೋಡಿಕೊಳ್ಳಲು ಕೆಲವರು. ಧರ್ಮಕಥೆ ಹೇಳಲು ಕೆಲವರು. ಒಬ್ಬ ಮನುಷ್ಯ ಅನ್ನ ಬಿಟ್ಟನೆಂದರೆ ಅವನ ಸುತ್ತ ಜನ ಹೆಚ್ಚಬೇಕು ಎಂಬ ತಿಳಿವಳಿಕೆ ಅದು. ನಮ್ಮ ವಾರ್ಡಿನಲ್ಲಿ ಇದು ತಿರುಗುಮುರುಗಾಗಿದೆ. ಇನ್ನು ಮಾಡುವುದೇನೂ ಇಲ್ಲ ಎಂದ ಕೂಡಲೇ ಹಾಸಿಗೆ ಮೂಲೆಗೆ ಸರಿಯುತ್ತದೆ, ಪರದೆ ಎಳೆಯುತ್ತಾರೆ, ಬಂದುಹೋಗುವವರು ಕಡಿಮೆಯಾಗುತ್ತಾರೆ.

ಈಗ ಕಾನೂನಿಗೆ ಬರುತ್ತೇನೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಕಾಮನ್ ಕಾಸ್ ಸಂಸ್ಥೆಯ ಅರ್ಜಿಯ ಮೇಲೆ, ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೆಂದು ಹೇಳಿ, ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. ವಿಧಿವಿಧಾನ ತೀರಾ ತೊಡಕಾಗಿದ್ದರಿಂದ 2023ರ ಜನವರಿಯಲ್ಲಿ ಅದನ್ನು ಸಡಿಲಿಸಿತು. ಈಗ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ನಿರ್ದೇಶನ ಮಾಡಿಡಬಹುದು. ಚಿಕಿತ್ಸೆ ಹಿಂದೆಗೆಯಲು ಎರಡು ಮಂಡಳಿಗಳು. ಮೊದಲನೆಯದರಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರು. ಎರಡನೆಯದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ವೈದ್ಯರು ಮತ್ತು ಇನ್ನಿಬ್ಬರು ತಜ್ಞರು. ಸಾಧ್ಯವಾದ ಮಟ್ಟಿಗೆ 48 ಗಂಟೆಯೊಳಗೆ ಅಭಿಪ್ರಾಯ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಘನತೆಯ ಸಾವಿಗಾಗಿ ಎಷ್ಟೋ ವರ್ಷ ಹೋರಾಡಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. 2025ರ ಜನವರಿ ಕೊನೆಗೆ ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆ ಈ ಮಂಡಳಿಗಳ ಬಗ್ಗೆ ಆದೇಶ ಹೊರಡಿಸಿತು.

ಒಳ್ಳೆಯದಾಯಿತು. ಆದರೆ ಎರಡು ಮಂಡಳಿಗಳನ್ನೂ ಎಣಿಸಿ ನೋಡಿ. ಸದಸ್ಯರೆಲ್ಲ ವೈದ್ಯರು. ಶುಶ್ರೂಷಕಿಗೆ ಎಲ್ಲೂ ಕುರ್ಚಿ ಇಲ್ಲ. 2011ರಲ್ಲಿ ಇದೇ ನ್ಯಾಯಾಲಯ ಒಬ್ಬ ರೋಗಿಯ ಪರವಾಗಿ ಮಾತಾಡುವ ಹಕ್ಕನ್ನು ಆಕೆಯನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಕೊಟ್ಟಿತ್ತು. ಆ ಸಿಬ್ಬಂದಿಯಲ್ಲಿ ಅವಳಿಗೆ ತುತ್ತು ತಿನ್ನಿಸಿದವರು ನರ್ಸ್‌ಗಳು. ಹನ್ನೆರಡು ವರ್ಷಗಳ ನಂತರ ರೂಪಿಸಿದ ಮಂಡಳಿಯಲ್ಲಿ ಆ ಕೈಗೆ ಜಾಗ ಸಿಗಲಿಲ್ಲ. ರೋಗಿ ನುಂಗುತ್ತಾನೋ ಇಲ್ಲವೋ, ಚಮಚ ಕಂಡರೆ ಬಾಯಿ ತೆರೆಯುತ್ತಾನೋ ಮುಖ ತಿರುಗಿಸುತ್ತಾನೋ, ನಳಿಕೆಯಲ್ಲಿ ಬಿಟ್ಟ ಗಂಜಿ ಮುಂದಿನ ಸಲ ಎಳೆದು ನೋಡಿದಾಗ ಹಾಗೇ ಉಳಿದಿತ್ತೋ, ಎಚ್ಚರವಿದ್ದಾಗ ಮಗಳಿಗೆ ಏನು ಹೇಳಿದ್ದ, ಇವೆಲ್ಲ ಮಂಡಳಿಗೆ ಯಾರ ಬಾಯಿಂದ ತಿಳಿಯಬೇಕು? ಅಮೆರಿಕದ ಆರಿಗನ್ ರಾಜ್ಯದಲ್ಲಿ ತಾವಾಗಿಯೇ ಅನ್ನ ನೀರು ಬಿಟ್ಟ ಹಾಸ್ಪಿಸ್ ರೋಗಿಗಳ ಸಾವು ಹೇಗಿತ್ತು ಎಂದು ತಿಳಿಯಲು ಹೊರಟ ಲಿಂಡಾ ಗ್ಯಾಂಜಿನಿ ಅವರ ತಂಡ ಕೇಳಿದ್ದು ದಾದಿಯರನ್ನು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಂಥವರನ್ನು ನೋಡಿಕೊಂಡಿದ್ದ 102 ಮಂದಿ ನರ್ಸ್‌ಗಳು ಉತ್ತರ ಕೊಟ್ಟರು. ಬಹುತೇಕರ ಸಾವು ಶಾಂತವಾಗಿತ್ತು ಎಂದರು. ಅದನ್ನು ಹೇಳಬಲ್ಲವರು ಬೇರೆ ಯಾರೂ ಇರಲಿಲ್ಲ.

ಕೋರ್ಟಿನ ಸೂಚನೆಯಲ್ಲಿ ಕುರ್ಚಿ ಇಲ್ಲವೆಂದು ನಮ್ಮ ಆಸ್ಪತ್ರೆಗಳು ಸುಮ್ಮನಿರಬೇಕಾಗಿಲ್ಲ. ಮಂಡಳಿ ಸೇರುವ ದಿನ ಆ ಹಾಸಿಗೆಯ ಸಿಸ್ಟರನ್ನು ಕರೆದು ಕೇಳಿ, ಕೇಳಿದ್ದನ್ನು ದಾಖಲಿಸಬೇಕೆಂದು ಪ್ರತಿ ಆಸ್ಪತ್ರೆ ತನ್ನಷ್ಟಕ್ಕೆ ನಿಯಮ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪಿಸಿನಲ್ಲಿ, ಕೇರಳದ ಮನೆಮನೆಯ ಉಪಶಮನ ಆರೈಕೆಯಲ್ಲಿ ಶುಶ್ರೂಷಕಿಯೇ ನಡುಗಂಬ. ಅಲ್ಲಿ ಇದು ವಾಡಿಕೆ. ದೊಡ್ಡ ಆಸ್ಪತ್ರೆಗಳ ಐಸಿಯುಗಳಿಗೆ ಅದು ಬರಬೇಕು.

ಕರೆದಾಗ ಹೇಳುವುದಕ್ಕೆ ನಮ್ಮ ಹತ್ತಿರ ಬರಹದಲ್ಲಿ ಏನಿರುತ್ತದೆ? ಇಲ್ಲಿ ಕೂತಿರುವ, ನರ್ಸಿಂಗ್ ಓದುತ್ತಿರುವ ಮಕ್ಕಳಿಗೆ ನನ್ನ ಕೋರಿಕೆ ಅದರದ್ದೇ. ನಮ್ಮ ಇನ್‌ಟೇಕ್ ಔಟ್‌ಪುಟ್ ಚಾರ್ಟಿನಲ್ಲಿ ಇಷ್ಟು ಮಿಲಿಲೀಟರ್ ಒಳಗೆ, ಇಷ್ಟು ಹೊರಗೆ ಎಂಬುದು ಮಾತ್ರ ಇದೆ. ಕೊನೆಗಾಲದ ರೋಗಿಗೆ ಅದರ ಜೊತೆ ಇನ್ನೊಂದು ಹಾಳೆ ಇಡೋಣ. ಬಾಯಿ ಹೇಗಿತ್ತು, ಎಷ್ಟು ಹೊತ್ತಿಗೆ ಒರೆಸಿದೆವು. ರೋಗಿ ಏನು ಕೇಳಿದ, ಯಾವುದಕ್ಕೆ ಮುಖ ತಿರುಗಿಸಿದ. ನಳಿಕೆಗೆ ಎಷ್ಟು ಸಲ ಕೈ ಹಾಕಿದ. ಯಾರು ತಿನ್ನಿಸಿದರು, ಅವರಿಗೆ ಯಾರು ತೋರಿಸಿಕೊಟ್ಟರು. ಮನೆಯವರು ಗ್ಲೂಕೋಸ್ ಕೇಳಿದಾಗ ಏನು ಹೇಳಿದೆವು. ನಿಮ್ಮ ಪ್ರಾಂಶುಪಾಲರು ಒಪ್ಪಿದರೆ ಈ ಸಲದ ಪೋಸ್ಟಿಂಗ್‌ನಿಂದಲೇ ಎರಡು ವಾರ್ಡುಗಳಲ್ಲಿ ಇದನ್ನು ಆರಂಭಿಸಬಹುದು. ಹಾಳೆಯ ಕರಡನ್ನು ನಾನು ತಂದಿದ್ದೇನೆ, ಕಚೇರಿಯಲ್ಲಿ ಕೊಟ್ಟು ಹೋಗುತ್ತೇನೆ. ತಿದ್ದಿ. ರಾತ್ರಿಪಾಳಿಯ ಕಾಲಂ ಒಂದನ್ನು ಮಾತ್ರ ಯಾವ ಕಾರಣಕ್ಕೂ ಕಿರಿದು ಮಾಡಬೇಡಿ. ರೋಗಿಗಳು ನೀರು ಕೇಳುವುದು ಬಹುಪಾಲು ಆ ಹೊತ್ತಿನಲ್ಲೇ.